ಏರುವ ಗಳಿಗೆಯ ಎಚ್ಚರ



ಮಂಗಸೂಳಿಯ ಸುತ್ತಲಿನ ಹೊಲಗಳಿಂದ ಉಗಾರದ ಸಕ್ಕರೆ ಕಾರಖಾನೆಯ ಕಡೆಗೆ ಕಬ್ಬು ಹೇರಿಕೊಂಡು ಹೋಗುವ ಗಾಡಿಯನ್ನು ನಾವೆಲ್ಲರೂ ಬಲ್ಲೆವು. ಸಮದಾರಿಯಲ್ಲಿ ಗಾಡಿಯವನು ಎದುರು ಬಂದವರನ್ನು ಮಾತನಾಡಿಸುತ್ತಾನೆ. ಏರು ಬಂದೊಡನೆ ಅವನ ಮಾತು ನಿಲ್ಲುತ್ತದೆ. ಕಣ್ಣು ಎತ್ತುಗಳನ್ನು ಬಿಟ್ಟು ಅಗಲುವುದಿಲ್ಲ. ಈ ವಿವೇಕವೇ ನಮ್ಮ ಪಾಠದ ವಿಷಯವು. ದೃಷ್ಟಾಂತವನ್ನು ಮಾತ್ರ ಚಿಕ್ಕ ವಿಮಾನದಿಂದ ತೆಗೆದುಕೊಳ್ಳುವೆವು.

ಇದು ನಮ್ಮ ಹೆಣ್ಣುಮಕ್ಕಳಿಗೆ ದೂರದ ಸಂಗತಿಯಲ್ಲ. 2021ನೆಯ ಜನವರಿಯಲ್ಲಿ ಸ್ತ್ರೀಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಸಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವಪ್ರದೇಶದ ಮೇಲಿಂದ ಬೆಂಗಳೂರಿಗೆ ಬಂದಿಳಿಯಿತು. ನಮ್ಮ ಜಿಲ್ಲೆಯ ಸಾಂಬ್ರೆಯಿಂದಲೂ ತರಬೇತಿಯ ಚಿಕ್ಕ ವಿಮಾನಗಳು ಏರಿವೆ. ನಾಳೆ ನಮ್ಮ ಶಾಲೆಯ ಮಗಳೇ ಆ ಆಸನದಲ್ಲಿ ಕುಳಿತಾಳು.

1. ಈ ಗಳಿಗೆ ಕಠಿಣವೇಕೆ?

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆಯೂ ಕೆಳಗೂ ಹರಿಯುವ ಗಾಳಿ. ಎರಡು ಅಥವಾ ನಾಲ್ಕು ಆಸನದ ಸಾಮಾನ್ಯ ವಿಮಾನವು ಗಂಟೆಗೆ ಸುಮಾರು 90ರಿಂದ 100 ಕಿಲೋಮೀಟರ್ ವೇಗದಲ್ಲಿ ನೆಲ ಬಿಡುತ್ತದೆ. ಆಗ ಮೂಗು ಮೇಲಕ್ಕೆತ್ತಿರುತ್ತದೆ, ವೇಗವು ಅಲ್ಪ, ಎತ್ತರವು ಇನ್ನೂ ಅಲ್ಪ. ಚಾಲಕಳು ಬೇರೆಡೆಗೆ ತಿರುಗಿದರೆ ಅವಳಿಗರಿಯದೆಯೇ ಕೈ ಹಿಡಿಕೆಯನ್ನು ಎಳೆದೀತು. ಮೂಗು ಇನ್ನಷ್ಟು ಏರಿ ವೇಗ ಕುಂದೀತು. ಗಾಳಿಯು ರೆಕ್ಕೆಯ ಮೈಬಿಟ್ಟು ಒಂದು ಪಕ್ಕ ಕುಸಿದೀತು. ಎತ್ತರದಲ್ಲಾದರೆ ಮೂಗನ್ನು ತಗ್ಗಿಸಿ ಸರಿಪಡಿಸಬಹುದು. ನೆಲದ ಸಮೀಪದಲ್ಲಿ ಅದಕ್ಕೆ ಎಡೆಯಿಲ್ಲ.

2023ನೆಯ ಮೇ 30ರಂದು ಸಾಂಬ್ರೆಯಿಂದ ಏರಿದ ತರಬೇತಿ ವಿಮಾನವೊಂದು ಯಂತ್ರದೋಷದಿಂದ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದು ಗಮನಭಂಗದ ಪ್ರಸಂಗವಲ್ಲ. ಆದರೆ ಇಂಥ ವಿಪತ್ತು ಯಾವ ಹಾರಾಟದಲ್ಲಾದರೂ ಬರಬಹುದಾದುದರಿಂದಲೇ ಮನಸ್ಸು ಕೈಯೊಡನೆ ಇರತಕ್ಕದ್ದು.

2. ತೆರೆದ ಬಾಗಿಲು

ಚಿಕ್ಕ ವಿಮಾನದ ಬಾಗಿಲಿಗೆ ಅಗುಳಿ ಸರಿಯಾಗಿ ಬಿದ್ದಿರದಿದ್ದರೆ ಏರುವಾಗಲೇ ಅದು ತೆರೆದುಕೊಳ್ಳುವುದುಂಟು. ದೊಡ್ಡ ಸದ್ದಾಗುತ್ತದೆ, ಗಾಳಿ ನುಗ್ಗುತ್ತದೆ, ಕಾಗದಗಳು ಹಾರುತ್ತವೆ. ಬಹುಮಟ್ಟಿನ ಚಿಕ್ಕ ವಿಮಾನಗಳು ಬಾಗಿಲು ತೆರೆದಿದ್ದರೂ ಹಾರಬಲ್ಲವು. ಅಪಾಯವಿರುವುದು ಬಾಗಿಲಿನಲ್ಲಲ್ಲ, ಅದನ್ನು ಮುಚ್ಚಲು ಚಾಚಿದ ಕೈಯಲ್ಲಿ. ಆದಕಾರಣ ಗುರುಗಳು ಕಲಿಸುವ ಕ್ರಮವಿದು: ಓಟದ ದಾರಿ ಸಾಕಷ್ಟು ಉಳಿದಿದ್ದರೆ ನಿಲ್ಲಿಸು, ನೆಲ ಬಿಟ್ಟಾಗಿದ್ದರೆ ಮೊದಲು ವಿಮಾನವನ್ನು ಹಾರಿಸು, ಸುತ್ತಿ ಬಂದು ಇಳಿ, ಬಳಿಕ ಬಾಗಿಲು ಮುಚ್ಚು.

3. ಕೈಯೊಳಗಿನ ಫೋನು

2014ನೆಯ ಮೇ 31ರಂದು ಅಮೇರಿಕೆಯ ಕೊಲೊರಾಡೊ ಪ್ರಾಂತದಲ್ಲಿ ಎರಡು ಆಸನದ ಸೆಸ್ನಾ ವಿಮಾನವು ರಾತ್ರಿಯಲ್ಲಿ ಏರಿದ ಸ್ವಲ್ಪ ಹೊತ್ತಿಗೆ ಬಿದ್ದು ಇಬ್ಬರೂ ಮಡಿದರು. ಅದೇ ವಿಮಾನದ ಹಿಂದಿನ ಹಾರಾಟವೊಂದರಲ್ಲಿ ಚಾಲಕನು ಓಡುವಾಗಲೂ ಏರುವಾಗಲೂ ಫೋನಿನ ಬೆಳಕು ಮಿಂಚಿಸಿ ಚಿತ್ರ ತೆಗೆದುದು ಒಳಗಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಕತ್ತಲೆಯಲ್ಲಿ ದಿಕ್ಕು ತಪ್ಪಿ ವಿಮಾನವು ಕುಸಿಯಿತೆಂದೂ ಫೋನಿನ ಬಳಕೆಯು ಅದಕ್ಕೆ ನೆರವಾಯಿತೆಂದೂ ತನಿಖೆಯವರು ನಿರ್ಣಯಿಸಿದರು.

4. ಎರಡು ಬೇಲಿಗಳು

1935ನೆಯ ಅಕ್ಟೋಬರ 30ರಂದು ಬೋಯಿಂಗ್ ಕಂಪನಿಯ ಹೊಸ ದೊಡ್ಡ ವಿಮಾನವು ಓಹಾಯೊ ಪ್ರಾಂತದಲ್ಲಿ ಏರಿದೊಡನೆ ಬಿತ್ತು. ಚಾಲಕನು ನುರಿತವನೇ, ಆದರೆ ನಿಂತಿರುವಾಗ ಹಾಕಿದ ಬೀಗವೊಂದನ್ನು ತೆಗೆಯಲು ಮರೆತಿದ್ದರು. ಅಂದಿನಿಂದ ಮಾಡಬೇಕಾದುದನ್ನು ಪಟ್ಟಿಮಾಡಿ, ಓದಿ ನೋಡುವ ರೂಢಿಯು ಬೇರೂರಿತು. ಚಾಲಕರ ಹರಟೆಯೂ ಕಾರಣವಾದ 1974ನೆಯ ಒಂದು ಅಪಘಾತದಲ್ಲಿ 72 ಜನರು ಸತ್ತರು. ಆ ಬಳಿಕ 1981ರಲ್ಲಿ ಅಮೇರಿಕೆಯವರು ಪ್ರಯಾಣಿಕ ವಿಮಾನಗಳಿಗೆ 10,000 ಅಡಿಗಳ ಕೆಳಗೆ ಅನಾವಶ್ಯಕ ಮಾತೇ ಕೂಡದೆಂದು ನಿಯಮವಿಟ್ಟರು. ಚಿಕ್ಕ ವಿಮಾನದವರೂ ಇದನ್ನು ತಾವಾಗಿ ಪಾಲಿಸುವುದು ಒಳ್ಳೆಯದು.

5. ನಮಗೇನು ಬುದ್ಧಿ?

ಚಾಲಕಳ ಪಕ್ಕದಲ್ಲಿ ಕೂತವರಿಗೂ ಹೊಣೆಯುಂಟು. ಅಪಾಯವನ್ನು ಕಂಡರೆ ಹೇಳತಕ್ಕದ್ದು. ಹರಟೆಯನ್ನು ಮೇಲೇರುವ ತನಕ ತಡೆಯತಕ್ಕದ್ದು. ಮನೆಯಲ್ಲಿಯೂ ಹಾಗೆಯೇ. ಮಗಳು ಗಾಡಿ ನಡೆಸುವಾಗ ಪದೇಪದೇ ಫೋನು ಮಾಡುವ ತಾಯಿಯು ಪ್ರೀತಿಯಿಂದಲೇ ಅವಳ ಕಣ್ಣನ್ನು ದಾರಿಯಿಂದ ಕೀಳುತ್ತಾಳೆ. ನೇಗಿಲ ಮೇಲೆ ಕೈಯಿಟ್ಟು ಹಿಂದಕ್ಕೆ ನೋಡುವವನ ವಿಷಯವಾಗಿ ಕರ್ತನು ನುಡಿದುದನ್ನು ನಾವು ಸತ್ಯವೇದದ ತರಗತಿಯಲ್ಲಿ ಕಲಿತೆವು. ಹಿಂದೆ ನೋಡಿದರೆ ಸಾಲು ಸೊಟ್ಟಗಾಗುವುದೆಂದು ನಮ್ಮ ರೈತರೂ ಬಲ್ಲರು. ಹೊಲದ ಸಾಲನ್ನು ಮರುದಿನ ತಿದ್ದಬಹುದು. ಏರುವ ಗಳಿಗೆಯನ್ನು ತಿದ್ದಲು ಮರುದಿನವಿಲ್ಲ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು: ಬಾಗಿಲಿಗಿಂತ ಚಾಚಿದ ಕೈಯು ಹೆಚ್ಚು ಅಪಾಯಕರವೇಕೆ? ನುರಿತವರಿಗೂ ಪಟ್ಟಿ ಬೇಕೇಕೆ? ನಮ್ಮ ಯಾವ ಮಾತು ಪರರ ಗಮನವನ್ನು ಕದಿಯುತ್ತಿದೆ?