ಸಿಸಿ ಆಮೇಲೆ, ಮೊದಲು ತೂಕ

ಮನೆ ಸಾಲ, ಮಕ್ಕಳ ಫೀಸು ಒಂದು ಹದಕ್ಕೆ ಬಂದ ಮೇಲೆ ಮತ್ತೆ ಬೈಕ್ ಹತ್ತುವ ಆಸೆ ನನ್ನ ವಯಸ್ಸಿನವರಲ್ಲಿ ಬಹಳ ಜನಕ್ಕೆ ಬರುತ್ತದೆ. ಗುಂಡ್ಲುಪೇಟೆಯಲ್ಲಿ ನಿಂತವರಿಗೆ ಆ ಆಸೆ ತಡೆಯುವುದು ಇನ್ನೂ ಕಷ್ಟ: ಒಂದು ಹೆದ್ದಾರಿ ಬಂಡೀಪುರ ದಾಟಿ ಊಟಿಗೆ, ಇನ್ನೊಂದು ವಯನಾಡಿಗೆ. ಚಾಮರಾಜನಗರದವರಿಗೆ ಹಾಸನೂರು, 27 ತಿರುವಿನ ದಿಂಬಂ ಘಾಟಿ ದೂರವಲ್ಲ. ಇಂಥ ದಾರಿಗೆ ಆರಾಮಾಗಿ ಕೂತು ಓಡಿಸುವ ಕ್ರೂಸರ್ ಬೈಕೇ ಸರಿ ಎಂದು ಮನಸ್ಸು ಹೇಳುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಐದಡಿ ಮೂರಿಂಚು ಆಸುಪಾಸಿನ, ಹತ್ತು ಹದಿನೈದು ವರ್ಷ ಗೇರ್ ಬೈಕ್ ಮುಟ್ಟದ ನನ್ನಂಥವರು ಶೋರೂಮಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಆನ್‌ರೋಡ್ ಎಷ್ಟು?’ ಎಂಬುದು. ಅದಕ್ಕಿಂತ ಮುಂಚೆ ಬೈಕಿನ ತೂಕ ಎಷ್ಟು, ಸೀಟು ಎಷ್ಟು ಎತ್ತರ ಎಂದು ಕೇಳಬೇಕು. ಈ ಎರಡು ಅಂಕಿ ಮೈಗೆ ಸಂಬಂಧಿಸಿದ್ದೆಂದು ಕಂಡರೂ, ನನ್ನ ಲೆಕ್ಕದಲ್ಲಿ ಅವು ಹಣದ ಅಂಕಿಗಳೇ. ಕೊಂಡು ಹೊರಗೆ ತೆಗೆಯಲು ಅಳುಕುವ ಬೈಕಿಗಿಂತ ದುಬಾರಿ ಬೈಕ್ ಇಲ್ಲ.

ಮರಳಿ ಬರುವ ಸವಾರರ ನೆನಪಿನಲ್ಲಿರುವ ಬೈಕೇ ಬೇರೆ. ಅದು ನೂರು ಕಿಲೋ ಆಸುಪಾಸಿನ ಯಮಹಾ ಆರ್‌ಎಕ್ಸ್ 100 ಇರಬಹುದು, ಇಲ್ಲವೇ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇರಬಹುದು. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ತೂಗುವುದು 191 ಕಿಲೋ. ಹಳೆಯ ಆರ್‌ಎಕ್ಸ್‌ಗೆ ಹೋಲಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟು. ಕ್ಲಚ್ಚು, ಗೇರು ಒಂದು ವಾರದಲ್ಲಿ ಕೈಗೆ ಬಂದಾವು. ನಿಂತ ಬೈಕನ್ನು ಸಂಭಾಳಿಸುವ ಅಂದಾಜು ಮಾತ್ರ ಹಳೆಯ ತೂಕಕ್ಕೇ ಅಂಟಿಕೊಂಡಿರುತ್ತದೆ. ನನ್ನಂಥವರ ಕೈಯಲ್ಲಿ ಬೈಕ್ ಬೀಳುವುದು ಓಡುವಾಗಲ್ಲ, ನಿಲ್ಲಿಸುವಾಗ. ಬಂಡೀಪುರದ ರಸ್ತೆಯನ್ನೇ ನೋಡಿ. ಸಾಲು ಹಂಪು, ಮುಂದಿನ ಲಾರಿ ತಟ್ಟನೆ ನಿಲ್ಲುತ್ತದೆ, ನೀವು ಎಡಕ್ಕೆ ಸರಿದು ಕಾಲು ಇಡುತ್ತೀರಿ. ಟಾರಿನ ಅಂಚಿಗಿಂತ ಪಕ್ಕದ ಮಣ್ಣು ಎರಡಿಂಚು ತಗ್ಗು. ಸಮತಟ್ಟು ನೆಲದಲ್ಲಿ ತುದಿಗಾಲು ತಾಗುತ್ತಿದ್ದವರ ಪಾದಕ್ಕೆ ಅಲ್ಲಿ ನೆಲ ಸಿಗುವುದಿಲ್ಲ. ವೇಗ ಸೊನ್ನೆ ಇದ್ದಾಗಲೂ ಹಾಗೆ ಬಿದ್ದರೆ ಲಿವರು, ಕನ್ನಡಿ, ಇಂಡಿಕೇಟರು, ಟ್ಯಾಂಕಿನ ಡೆಂಟು ಎಂದು ಬಿಲ್ಲು ಬೆಳೆಯುತ್ತದೆ. ವಿಮೆಗೆ ಹಾಕಿದರೆ ಮೊದಲ ವರ್ಷಕ್ಕೆ ಸಿಗಬೇಕಿದ್ದ ಶೇ. 20ರ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಹಾಕದಿದ್ದರೆ ಜೇಬು ಹಗುರಾಗುತ್ತದೆ.

ಹಾಗಾದರೆ ಸೀಟು ತಗ್ಗಿದ್ದರೆ ಸಾಕಲ್ಲವೇ ಎಂದರೆ, ಸಾಲದು. ಅದೇ ಕಂಪನಿಯ ಸೂಪರ್ ಮೀಟಿಯರ್ 650ರ ಸೀಟು 740 ಮಿ.ಮೀ., ಮೀಟಿಯರ್ 350ರದ್ದು 765 ಮಿ.ಮೀ. ಕಾಗದದ ಮೇಲೆ ದೊಡ್ಡ ಬೈಕೇ ಕುಳ್ಳರಿಗೆ ಅನುಕೂಲ. ಆದರೆ ಅದರ ತೂಕ 241 ಕಿಲೋ: ಚಿಕ್ಕದರ ಮೇಲೆ ಒಂದು ಸಿಮೆಂಟ್ ಮೂಟೆ ಹೇರಿದಷ್ಟು. ಎತ್ತರ, ತೂಕ ಎರಡನ್ನೂ ಒಟ್ಟಿಗೆ ನೋಡಿದಾಗ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಬಜಾಜ್ ಅವೆಂಜರ್ 220 ಕ್ರೂಸ್‌ನ ಸೀಟು 737 ಮಿ.ಮೀ., ತೂಕ 163 ಕಿಲೋ. ಜಾವಾ 42 ಬಾಬರ್ 740 ಮಿ.ಮೀ., 175 ಕಿಲೋ. ಇವುಗಳ ಮೇಲಿನ ಮೆಟ್ಟಿಲು ಮೀಟಿಯರ್ 350. ಕ್ಲಾಸಿಕ್ 350ರ ಸೀಟು 805 ಮಿ.ಮೀ. ಆದ್ದರಿಂದ ಅದು ಎಷ್ಟೇ ಚೆಂದ ಕಂಡರೂ ನಮ್ಮ ಪಟ್ಟಿಯಲ್ಲಿ ಕೊನೆಗೆ.

ಸರ್ಕಾರದ ಲೆಕ್ಕವೂ ಈ ಮಾತಿಗೇ ತಾಳ ಹಾಕುತ್ತಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು; ಅದನ್ನು ಮೀರಿದ್ದಕ್ಕೆ ಸೆಸ್ ಸೇರಿ ಶೇ. 31 ಇದ್ದದ್ದು 40ಕ್ಕೆ ಏರಿತು. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ದ್ವಿಚಕ್ರಕ್ಕೆ ಶೇ. 18ರ ಲೈಫ್ ಟ್ಯಾಕ್ಸ್ ಬೀಳುತ್ತದೆ, ಅದೂ ಜಿಎಸ್‌ಟಿ ಸೇರಿದ ಬೆಲೆಯ ಮೇಲೆ. ತೆರಿಗೆಗೆ ಮುಂಚೆ ಎರಡೂ 1,70,000 ರೂಪಾಯಿಯ ಬೈಕುಗಳೇ ಎಂದು ಇಟ್ಟುಕೊಳ್ಳಿ. ಗೆರೆಯ ಈಚಿನದು ಜಿಎಸ್‌ಟಿ ಸೇರಿ 2,00,600; ಆಚಿನದು 2,38,000. ಲೈಫ್ ಟ್ಯಾಕ್ಸಿನಲ್ಲಿ ಮತ್ತೆ ಸುಮಾರು 6,700 ರೂಪಾಯಿ ವ್ಯತ್ಯಾಸ. ಹೊಸ ಬೈಕಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, 2022ರಲ್ಲಿ ನಿಗದಿಯಾದ ದರದಂತೆ, 150ರಿಂದ 350 ಸಿಸಿಗೆ 7,365 ರೂಪಾಯಿ; ಅದಕ್ಕೂ ಮೇಲೆ 15,117. ಎಲ್ಲ ಕೂಡಿದರೆ ಬೈಕು ಒಂದು ಕಿಲೋಮೀಟರ್ ಓಡುವ ಮುಂಚೆಯೇ 52,000 ರೂಪಾಯಿಯ ಹತ್ತಿರ ಅಂತರ. ಸಾಲದಲ್ಲಿ ಕೊಂಡರೆ ಅದಕ್ಕೂ ಬಡ್ಡಿ. ಆ ದುಡ್ಡಿನಲ್ಲಿ ಒಳ್ಳೆಯ ಹೆಲ್ಮೆಟ್ಟು, ಜಾಕೆಟ್ಟು, ಪಾದದ ಗಂಟು ಮುಚ್ಚುವ ಬೂಟು, ಲೆಗ್ ಗಾರ್ಡ್ ಎಲ್ಲ ಬಂದು ಇನ್ನೂ ಉಳಿಯುತ್ತದೆ. ಗಡಿಯಲ್ಲಿದ್ದೇವೆ, ತಮಿಳುನಾಡಿನಲ್ಲೋ ಕೇರಳದಲ್ಲೋ ರಿಜಿಸ್ಟರ್ ಮಾಡಿಸಿದರೆ ತೆರಿಗೆ ಉಳಿಯುತ್ತದೆ ಎಂಬ ಉಪಾಯ ಬೇಡ. ವಾಹನ 12 ತಿಂಗಳು ಮೀರಿ ಇಲ್ಲೇ ಇದ್ದರೆ ಕಾನೂನಿನಂತೆ ಇಲ್ಲಿನ ನಂಬರಿಗೆ, ಅಂದರೆ ಕೆಎ–10ಕ್ಕೆ, ಬದಲಿಸಲೇಬೇಕು. ತೆರಿಗೆ ಆಗಲೂ ಕಾದಿರುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದಲ್ಲ. ನುರಿತವರು ಒಂದೇ ಕಾಲೂರಿ ಎತ್ತರದ ಬೈಕನ್ನೂ ಸಲೀಸಾಗಿ ಓಡಿಸುತ್ತಾರೆ ಎನ್ನುವುದು ನಿಜ. ಆದರೆ ನುರಿತದ್ದು ಸವೆದಿರುವವರ ಮಾತು ಇದು. ಅಭ್ಯಾಸ ಮರಳಿದ ಮೇಲೆ ಎತ್ತರದ ಬೈಕಿಗೆ ಹೋಗಲು ಯಾರ ಅಡ್ಡಿಯೂ ಇಲ್ಲ. ಸೀಟಿನ ಫೋಮ್ ಕೆತ್ತಿಸಿದರಾಯಿತು ಎನ್ನುವವರಿಗೆ ಹೇಳುವುದಿಷ್ಟೆ: ಫೋಮ್ ಕೆತ್ತಿಸಿದರೆ ಒಂದಿಂಚು ಇಳಿದೀತು, ತೂಕ ಒಂದು ಗ್ರಾಮೂ ಇಳಿಯದು, ಸಸ್ಪೆನ್ಷನ್ ತಗ್ಗಿಸಿದರೆ ಹಂಪು ತಳಕ್ಕೆ ತಾಗುತ್ತದೆ, ವಾರಂಟಿಗೂ ತಕರಾರು. ಸ್ಕೂಟರೇ ಅಗ್ಗವಲ್ಲವೇ ಎಂದರೆ, ಪೇಟೆಯೊಳಗಿನ ಓಡಾಟವೊಂದೇ ಇದ್ದರೆ ಖಂಡಿತ ಸ್ಕೂಟರೇ ಸರಿ. ಮೈಸೂರಿನ ಅರವತ್ತು ಕಿಲೋಮೀಟರ್, ಘಾಟಿಯ ತಿರುವು ಕೂಡ ಇದೆ ಎಂದರೆ ಮಾತ್ರ ದೊಡ್ಡ ಚಕ್ರಕ್ಕೆ ದುಡ್ಡು ಹಾಕುವುದಕ್ಕೆ ಅರ್ಥವಿದೆ.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪಣೆ ಇದು: ಇಂದು ಚಿಕ್ಕದು, ಎರಡು ವರ್ಷಕ್ಕೆ ದೊಡ್ಡದು ಎಂದರೆ ಎರಡು ಸಲ ನಷ್ಟವಲ್ಲವೇ? ಎರಡೂ ಹೊಸದಾದರೆ ಹೌದು. ಅದಕ್ಕೇ ಮೊದಲನೆಯದು ಸೆಕೆಂಡ್ ಹ್ಯಾಂಡ್ ಇರಲಿ ಎನ್ನುತ್ತೇನೆ. ಲೈಫ್ ಟ್ಯಾಕ್ಸ್ ಮೊದಲ ಮಾಲೀಕ ಕಟ್ಟಿರುತ್ತಾನೆ, ರಾಜ್ಯದೊಳಗೆ ಹೆಸರು ಬದಲಾದರೆ ಅದನ್ನು ಮತ್ತೆ ಕಟ್ಟಬೇಕಿಲ್ಲ. ಬೆಲೆ ಕುಸಿಯುವ ಮೊದಲ ವರ್ಷಗಳ ನಷ್ಟವೂ ಅವನದೇ. ಆರ್‌ಸಿ ಮೇಲೆ ಬ್ಯಾಂಕಿನ ಸಾಲ ತೆಗೆದುಹಾಕಿದೆಯೇ ನೋಡಿ, ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅದಕ್ಕೂ ಮುಂಚೆ ಬೀರುವಿನಲ್ಲಿರುವ ಡಿ.ಎಲ್. ತೆಗೆದು ದಿನಾಂಕ ನೋಡಿ. ಅವಧಿ ಮುಗಿದು ವರ್ಷ ದಾಟಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಮತ್ತೆ ಟೆಸ್ಟ್ ಕೊಡಬೇಕು. ಊರ್ಜಿತ ಡಿ.ಎಲ್. ಇಲ್ಲದಿದ್ದರೆ ಮಾಲೀಕ ಸವಾರನ 15 ಲಕ್ಷದ ಅಪಘಾತ ವಿಮೆ ಇದ್ದೂ ಇಲ್ಲದಂತೆ.

ಆದ್ದರಿಂದ ನಾನು ಹೇಳುವ ಕ್ರಮ ಹೀಗೆ. ದಿನವೂ ಹಾಕುವ ಚಪ್ಪಲಿಯನ್ನಲ್ಲ, ಬೂಟು ಹಾಕಿಕೊಂಡು ಹೋಗಿ. ಬೈಕ್ ಮೇಲೆ ಕೂತು ಎರಡೂ ಅಂಗಾಲು ನೆಲಕ್ಕೆ ಊರುತ್ತವೆಯೇ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಹೊರಗಿನ ಕೈ ಹಿಡಿ ತಲುಪುತ್ತದೆಯೇ ನೋಡಿ. ಆಮೇಲೆ ತುಸು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಕೂತೇ ಕಾಲಿನಿಂದ ಹಿಂದಕ್ಕೆ ತಳ್ಳಿ. ಈ ಪರೀಕ್ಷೆಯಲ್ಲಿ ಸೋತ ಬೈಕಿಗೆ ಎಷ್ಟು ರಿಯಾಯಿತಿ ಕೊಟ್ಟರೂ ಅದು ಅಗ್ಗವಲ್ಲ. ಗೆದ್ದದ್ದರ ಆನ್‌ರೋಡ್ ಬೆಲೆ ಕೇಳುವುದಕ್ಕೆ ಅಲ್ಲಿಂದ ಮುಂದೆ ಬೇಕಾದಷ್ಟು ಹೊತ್ತಿದೆ.