ಸೊಂಟದ ಕೀಲು ಜಾರುವುದುಂಟೆ?

ತುಂಬಿದ ಕೊಡವನ್ನು ಎತ್ತುವಾಗಲೋ ಹಾಸಿಗೆಯಿಂದ ಏಳುವಾಗಲೋ ಸೊಂಟದ ಕೆಳಗೆ ಒಂದು ಪಕ್ಕದಲ್ಲಿ ಥಟ್ಟನೆ ನೋವು ಹಿಡಿದರೆ 'ಕೀಲು ಜಾರಿದೆ' ಎನ್ನುವುದು ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಬಲವಿಜ್ಞಾನದ ನೆರವಿನಿಂದ ವಿಚಾರಿಸೋಣ.

ಬೆನ್ನೆಲುಬಿನ ಬುಡದಲ್ಲಿ ಐದು ಕಶೇರುಗಳು ಬೆಸೆದು ಆದ ಮೂಳೆಯೇ ತ್ರಿಕಾಸ್ಥಿ. ಅದರ ಎಡಬಲಗಳಲ್ಲಿ ಇಲಿಯಂ ಎಂಬ ಅಗಲವಾದ ಮೂಳೆಗಳು ಬಂದು ಕೂಡುವ ಸ್ಥಳಗಳೇ ಸ್ಯಾಕ್ರೋ-ಇಲಿಯಾಕ್ ಕೀಲುಗಳು. 60 ಕಿಲೋಗ್ರಾಂ ತೂಗುವ ಮನುಷ್ಯನಲ್ಲಿ ತಲೆ, ತೋಳು, ಮುಂಡಗಳ ಪಾಲೇ ಸುಮಾರು 40 ಕಿಲೋಗ್ರಾಂ. ನಿಂತಾಗ ಈ ಭಾರದ ಬಹುಭಾಗವು ಈ ಎರಡು ಕೀಲುಗಳನ್ನು ದಾಟಿಯೇ ಕಾಲುಗಳಿಗೆ ಇಳಿಯಬೇಕು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುವ ತ್ರಿಕಾಸ್ಥಿಯು ಮರದ ಸೀಳಿನಲ್ಲಿ ಹೊಡೆದ ಬೆಣೆಯಂತೆ ನಿಂತಿದೆ. ಘರ್ಷಣಬಲವು ಮೇಲ್ಮೈಗಳ ಒರಟುತನವನ್ನೂ ಅವುಗಳನ್ನು ಒತ್ತಿಹಿಡಿಯುವ ಲಂಬಬಲವನ್ನೂ ಅವಲಂಬಿಸುತ್ತದೆಂದು ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ಎರಡೂ ಉಂಟು. ಯೌವನದಲ್ಲಿ ಕೀಲಿನ ಮೈ ಏರುತಗ್ಗುಗಳಿಂದ ಒರಟಾಗುತ್ತದೆ; ಬಲವಾದ ಅಸ್ಥಿಬಂಧಗಳೂ ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳೂ ಮೂಳೆಗಳನ್ನು ಒತ್ತಿಹಿಡಿಯುತ್ತವೆ. ಬಸುರಿಯಲ್ಲಿ ಬಂಧಗಳು ಸಡಿಲವಾಗಿ ನೋವು ತೋರಿದಾಗ ನಡುವಿಗೆ ಬಿಗಿದ ಪಟ್ಟಿಯು ಎಷ್ಟೋ ವೇಳೆ ಹಿತವೆನಿಸುವುದು ಈ ಲಂಬಬಲವನ್ನು ಹೆಚ್ಚಿಸುವುದರಿಂದಲೇ ಇರಬೇಕು.

ಹಾಗಾದರೆ ಕೀಲು ಎಷ್ಟು ಚಲಿಸುತ್ತದೆ? ಮೂಳೆಯೊಳಗೆ ಟ್ಯಾಂಟಲಮ್ ಲೋಹದ ಸಣ್ಣ ಗುಂಡುಗಳನ್ನಿರಿಸಿ ಎರಡು ದಿಕ್ಕುಗಳಿಂದ ಎಕ್ಸ್-ಕಿರಣ ಚಿತ್ರ ತೆಗೆದು, ಸ್ವೀಡನ್ನಿನ ಸ್ಟುರೆಸನ್ ಮತ್ತು ಸಂಗಡಿಗರು 1989ರಲ್ಲಿ ಅಳೆದರು. ಸರಾಸರಿ ತಿರುಗುವಿಕೆ ಸುಮಾರು 2.5 ಡಿಗ್ರಿ, ಸರಿತವು 0.7 ಮಿಲಿಮೀಟರ್. ಇಷ್ಟು ಅಲ್ಪವಾದುದನ್ನು ಚರ್ಮದ ಮೇಲಿನಿಂದ ಬೆರಳುಗಳು ಕಂಡುಹಿಡಿಯಬಲ್ಲವೆಂದು ನಂಬುವುದು ಕಷ್ಟ.

ಆದರೂ ಕೈಯಿಂದ ಕೀಲನ್ನು ಸರಿಪಡಿಸುವ ವಿದ್ಯೆಯೊಂದಿದೆ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ನಗರದಲ್ಲಿ ಡಿ. ಡಿ. ಪಾಮರ್ ಆರಂಭಿಸಿದ ಇದಕ್ಕೆ ಕೈರೋಪ್ರಾಕ್ಟಿಕ್ ಎಂದು ಹೆಸರು. (ಗ್ರೀಕ್ ಭಾಷೆಯ 'ಕೈರ್' ಎಂಬುದಕ್ಕೆ ಕೈ ಎಂದೇ ಅರ್ಥವಿರುವುದು ಕನ್ನಡಿಗರಿಗೆ ವಿನೋದದ ಸಂಗತಿ.) ಸ್ಥಳ ತಪ್ಪಿದ ಕಶೇರುಗಳೇ ಬಹುಪಾಲು ರೋಗಗಳಿಗೆ ಮೂಲವೆಂಬ ಪಾಮರನ ವಾದವನ್ನು ವಿಜ್ಞಾನ ಒಪ್ಪಿಲ್ಲ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ ಶ್ರೋಣಿಯ ಮೇಲೆ ಚುರುಕಾಗಿ ಒಮ್ಮೆ ನೂಕಿದಾಗ 'ಟಕ್' ಎಂಬ ಶಬ್ದ ಕೇಳಿಬರುವುದುಂಟು. ಅದು ಮೂಳೆ ಸ್ವಸ್ಥಾನಕ್ಕೆ ಮರಳಿದ ಸದ್ದಲ್ಲ. ಕೀಲುಗಳ ದ್ರವದಲ್ಲಿ ಒತ್ತಡ ಕುಸಿದಾಗ ಅನಿಲದ ಗುಳ್ಳೆ ಮೂಡುವುದರಿಂದ ಇಂಥ ಶಬ್ದ ಹುಟ್ಟುತ್ತದೆಂದು ಬೆರಳಿನ ಗಿಣ್ಣುಗಳ ಮೇಲೆ 2015ರಲ್ಲಿ ನಡೆದ ಪರೀಕ್ಷೆ ಸೂಚಿಸಿತು.

1998ರಲ್ಲಿ ಟುಲ್‌ಬರ್ಗ್ ಮತ್ತು ಸಂಗಡಿಗರು ಹತ್ತು ಮಂದಿ ರೋಗಿಗಳಲ್ಲಿ ಇಂಥ ಚಿಕಿತ್ಸೆಗೆ ಮೊದಲೂ ಅನಂತರವೂ ಗುಂಡುಗಳ ಸ್ಥಾನವನ್ನು ಅಳೆದರು. ಕೈಯಿಂದ ಪರೀಕ್ಷಿಸಿದವರಿಗೆ ಕೀಲು 'ಸರಿಹೋದಂತೆ' ತೋರಿತು. ಎಕ್ಸ್-ಕಿರಣಕ್ಕೆ ಮಾತ್ರ ಮೂಳೆ ಇದ್ದಲ್ಲಿಯೇ ಇದ್ದಿತು! ಆದುದರಿಂದ ಉಪಶಮನ ದೊರೆತರೆ ಅದರ ಮೂಲವನ್ನು ಮೂಳೆಯಲ್ಲಲ್ಲ, ನರಗಳ ಸಂಕೇತಗಳಲ್ಲಿಯೂ ಬಿಗಿದ ಸ್ನಾಯುಗಳ ಸಡಿಲಿಕೆಯಲ್ಲಿಯೂ ಹುಡುಕಬೇಕು. ದೀರ್ಘಕಾಲದ ಸೊಂಟನೋವಿನಲ್ಲಿ ಇಂಥ ಚಿಕಿತ್ಸೆಯ ಗುಣವು ವ್ಯಾಯಾಮವೇ ಮೊದಲಾದ ಶಿಫಾರಸಾದ ಉಪಾಯಗಳಿಗೆ ಸರಿಸಮಾನವೆಂದು 2019ರ ಒಂದು ಪರಾಮರ್ಶೆ ಹೇಳಿತು.

ನೋವು ಈ ಕೀಲಿನದೇ ಎಂಬುದನ್ನು ಮೊದಲು ಗೊತ್ತುಮಾಡಬೇಕು. ವೈದ್ಯರು ಕೀಲನ್ನು ಹಲವು ರೀತಿ ಒತ್ತಿ ನೋಡುತ್ತಾರೆ. ಮೂರಾದರೂ ಪರೀಕ್ಷೆಗಳಲ್ಲಿ ಅದೇ ನೋವು ಮರುಕಳಿಸಿದರೆ ಸಂಶಯ ಬಲವಾಗುತ್ತದೆ. ತರುಣರಲ್ಲಿ ಬೆಳಗಿನ ಹೊತ್ತು ಸೊಂಟ ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಕೀಲಿನ ಉರಿಯೂತವಿರಬಹುದು. ಮೂತ್ರ ಕಟ್ಟಿದರೆ, ಕಾಲು ಜೋಮು ಹಿಡಿದು ಶಕ್ತಿಗುಂದಿದರೆ, ಜ್ವರ ಬಂದರೆ ಯಾರ ಕೈಗೂ ಸೊಂಟವನ್ನೊಪ್ಪಿಸದೆ ಆಸ್ಪತ್ರೆಗೆ ಹೋಗತಕ್ಕದ್ದು.