ಓದಿನ ಬೇರು ಮನೆಯ ಮಾತಿನಲ್ಲಿ

"ನಾನು ಓದು ಬರಹ ಬಲ್ಲವಳಲ್ಲ, ಮಗುವಿಗೆ ನಾನೇನು ಕಲಿಸಲಿ?" ಎಂದು ಕೇಳುವ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಮಗುವನ್ನು ಶಾಲೆಗೂ ಮದ್ರಸಕ್ಕೂ ಸೇರಿಸಿದೊಡನೆ ತಮ್ಮ ಹೊಣೆ ತೀರಿತೆಂದು ಭಾವಿಸುವ ತಂದೆಯರೂ ಇದ್ದಾರೆ. ಪ್ರಿಯ ಓದುಗರೇ, ಈ ಇಬ್ಬರೂ ಅರಿಯಬೇಕಾದ ವಿಷಯವೊಂದಿದೆ.

ಮಾತನ್ನು ಮಗು ಕೇಳಿ ಕೇಳಿ ತಾನಾಗಿ ಕಲಿಯುತ್ತದೆ, ಓದನ್ನು ಕಲಿಸಬೇಕಾಗುತ್ತದೆ. ಓದಿಗೆಂದೇ ಮೀಸಲಾದ ಭಾಗ ಹುಟ್ಟುವಾಗ ಮಿದುಳಿನಲ್ಲಿರುವುದಿಲ್ಲ. ನೋಟಕ್ಕೂ ಮಾತಿಗೂ ಇರುವ ಭಾಗಗಳು ಅಭ್ಯಾಸದಿಂದ ಪರಸ್ಪರ ಬೆಸೆದುಕೊಂಡಾಗಲೇ ಅಕ್ಷರಕ್ಕೆ ಅರ್ಥ ಬರುತ್ತದೆ. ಬಾವಿಯೆಂದರೇನೆಂದು ಕೇಳಿ ತಿಳಿಯದ ಮಗು 'ಬಾ', 'ವಿ' ಎಂದು ಕೂಡಿಸಿ ಓದಿದರೂ ಅದರ ಮನದಲ್ಲಿ ಏನೂ ಮೂಡದು.

ಅಮೆರಿಕದ ಕಾನ್ಸಾಸ್‌ನಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೆ ಎಂಬ ಸಂಶೋಧಕರು 42 ಕುಟುಂಬಗಳ ಮನೆಗೆ ತಿಂಗಳಿಗೊಮ್ಮೆ ಹೋಗಿ, ಒಂದೊಂದು ಗಂಟೆ ಕುಳಿತು, ಹಸುಳೆಯೊಡನೆ ಮನೆಯವರು ಆಡುವ ಮಾತನ್ನು ದಾಖಲಿಸಿದರು. ನಾಲ್ಕು ವರ್ಷ ತುಂಬುವ ವೇಳೆಗೆ ಬಡ ಮನೆಯ ಮಗು ಉಳ್ಳವರ ಮಗುವಿಗಿಂತ 3 ಕೋಟಿ ಪದಗಳನ್ನು ಕಡಿಮೆ ಕೇಳಿರುತ್ತದೆ ಎಂಬುದು 1995ರಲ್ಲಿ ಪ್ರಕಟವಾದ ಅವರ ಗ್ರಂಥದ ಲೆಕ್ಕ. ಈ ಅಂಕಿ ಎಲ್ಲೆಡೆ ಹರಡಿತು. ಬಡ ತಾಯಂದಿರನ್ನು ದೂರಲು ಅದು ನೆಪವೂ ಆಯಿತು. ಆದರೆ ಅಲ್ಲಿ ಕಡು ಬಡತನದ ಕುಟುಂಬಗಳಿದ್ದುದು ಆರೇ ಆರು. 2018ರಲ್ಲಿ ಬಂದ ಇನ್ನೊಂದು ಅಧ್ಯಯನ, ಮಗುವಿನ ಸುತ್ತಮುತ್ತ ಇತರರು ಆಡುವ ಮಾತನ್ನೂ ಎಣಿಸಿ, ಬಡವರ ಮನೆಗಳೆಲ್ಲ ಮೂಕವಲ್ಲವೆಂದು ತೋರಿಸಿತು.

ನನಗೆ ಹೆಚ್ಚು ಮಹತ್ವದ್ದೆನಿಸುವುದು ಅದೇ ವರ್ಷದ ಮತ್ತೊಂದು ಅಧ್ಯಯನ. ರೇಚಲ್ ರೋಮಿಯೊ ಮತ್ತು ಸಂಗಡಿಗರು 4ರಿಂದ 6 ವರ್ಷದ 36 ಮಕ್ಕಳ ಮನೆಯ ಮಾತನ್ನು ಧ್ವನಿಮುದ್ರಿಸಿ, ಕತೆ ಕೇಳುವಾಗ ಆ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿದರು. ಹಿರಿಯರೂ ಮಗುವೂ ಸರದಿಯಂತೆ ಹೆಚ್ಚು ಮಾತಾಡಿಕೊಳ್ಳುವ ಮನೆಯ ಮಕ್ಕಳಲ್ಲಿ, ಭಾಷೆಗೆ ಸಂಬಂಧಿಸಿದ 'ಬ್ರೋಕಾ' ಎಂಬ ಭಾಗ ಹೆಚ್ಚು ಚುರುಕಾಗಿತ್ತು. ಮನೆಯ ಆದಾಯವನ್ನು ಲೆಕ್ಕಕ್ಕೆ ಹಿಡಿದಾಗಲೂ ಈ ನಂಟು ಉಳಿಯಿತು. ಅಧ್ಯಯನ ಚಿಕ್ಕದು, ನಿಜ. ಆದರೂ ಅದು ಬೊಟ್ಟುಮಾಡುವ ವಸ್ತು ಅಂಗಡಿಯಲ್ಲಿ ಸಿಗುವಂಥದ್ದಲ್ಲ.

"ಸುಮ್ಮನಿರು", "ಬೇಗ ತಿನ್ನು" ಎಂಬ ಅಪ್ಪಣೆಗಳು ಎಷ್ಟಿದ್ದರೂ ಮಾತುಕತೆಯಾಗವು. ಟಿ.ವಿ.ಯೂ ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ. ಮೀನು ಶುಚಿ ಮಾಡುತ್ತಾ "ಇದರಲ್ಲಿ ಮುಳ್ಳು ಹೆಚ್ಚೋ, ನಿನ್ನೆಯದರಲ್ಲಿ ಹೆಚ್ಚಿತ್ತೋ?" ಎಂದು ಕೇಳಿ, ಮಗು ತಡವರಿಸಿ ಹೇಳುವ ತನಕ ಕಾಯುವ ತಾಯಿ ಪಾಠವನ್ನೇ ಮಾಡುತ್ತಿದ್ದಾಳೆ. ಬ್ಯಾರಿಯಲ್ಲಿ ಕೇಳಲಿ, ಉರ್ದುವಿನಲ್ಲಿ ಕೇಳಲಿ, ನವಾಯತಿಯಲ್ಲಿ ಕೇಳಲಿ. ಶಾಲೆಯ ಭಾಷೆ ಕನ್ನಡವೆಂದು ಬಾರದ ಕನ್ನಡದಲ್ಲಿ ನಾಲ್ಕು ಮಾತಾಡಿ ನಿಲ್ಲಿಸುವುದಕ್ಕಿಂತ ಮನೆಮಾತಿನಲ್ಲಿ ಮನಬಿಚ್ಚಿ ಮಾತಾಡುವುದು ಲೇಸು. ಬಾವಿಯನ್ನು ಒಂದು ಭಾಷೆಯಲ್ಲಿ ಬಲ್ಲ ಮಗು ಇನ್ನೊಂದರಲ್ಲಿ ಅದರ ಹೆಸರನ್ನಷ್ಟೇ ಕಲಿತರೆ ಸಾಕು.

ದೂರದಲ್ಲಿ ದುಡಿಯುವ ತಂದೆ ಫೋನಿನಲ್ಲಿ "ಚೆನ್ನಾಗಿ ಓದು" ಎಂದಷ್ಟೇ ಹೇಳದಿರಲಿ. ಉಸ್ತಾದರು ಇಂದು ಯಾವ ಪ್ರವಾದಿಯ ಚರಿತ್ರೆ ಹೇಳಿದರೆಂದು ಕೇಳಲಿ. ಯೂಸುಫ್(ಅ)ರದ್ದಾದರೆ, ಬಾವಿಯೊಳಗೆ ಒಂಟಿಯಾಗಿದ್ದಾಗ ಅವರಿಗೆ ಹೇಗನಿಸಿರಬಹುದೆಂದೂ ಕೇಳಲಿ.

ಅಕ್ಷರ ಬಾರದ ತಾಯಿಗೆ ಶಾಲೆಗೆ ಹೋಗುವ ಮಗಳು ರಾತ್ರಿ ಹತ್ತು ನಿಮಿಷ ಕತೆ ಓದಿ ಹೇಳಲಿ. ಚಿಕ್ಕವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನಡುನಡುವೆ "ಯಾಕೆ ಹಾಗಾಯಿತು?" ಎಂದು ಕೇಳುವ ಕೆಲಸ ತಾಯಿಯದು.